ತಾಯಿರೆಕ್ಕೆಯ ಕತ್ತಲು

ಕೋಳಿ ಸಾಕುವವರ ನಡುವೆ ಪದೇ ಪದೇ ಕೇಳಿಬರುವ ದೂರೊಂದಿದೆ. ಬ್ರೂಡರಿನಲ್ಲಿ, ಎಂದರೆ ತಾಯಿಯಿಲ್ಲದ ಮರಿಗಳಿಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ ಅಥವಾ ಕೋಣೆಯಲ್ಲಿ, ಹತ್ತಿಪ್ಪತ್ತು ಮರಿಗಳ ಪೈಕಿ ಒಂದು ಮಾತ್ರ ಮಿಕ್ಕವನ್ನು ಬಿಡದೆ ಕುಕ್ಕುತ್ತದೆ. ಕಾಲಿನ ಬೆರಳು, ಕಣ್ಣಿನ ಅಂಚು, ಬಾಲದ ಬುಡ, ಎಲ್ಲಿ ಕೊಂಚ ಕೆಂಪು ಕಂಡರೂ ಅದರ ಕೊಕ್ಕು ಅಲ್ಲಿಗೇ ಹೋಗುತ್ತದೆ. ಒಂದು ಹನಿ ರಕ್ತ ಕಂಡಿತೆಂದರೆ ಉಳಿದ ಮರಿಗಳೂ ಮುಗಿಬೀಳುತ್ತವೆ. ಬೆಳಗಾಗುವಷ್ಟರಲ್ಲಿ ಒಂದೆರಡು ಮರಿಗಳು ಸತ್ತು ಬಿದ್ದಿರುವುದೂ ಉಂಟು. ಆ ಪುಂಡ ಮರಿಯನ್ನು ಏನು ಮಾಡಬೇಕು? ತೆಗೆದುಹಾಕಬೇಕೆ, ಅದರ ಕೊಕ್ಕನ್ನು ಕತ್ತರಿಸಬೇಕೆ, ತಾನಾಗಿ ಸರಿಹೋಗುತ್ತದೆಂದು ಬಿಡಬೇಕೆ?

ಮುಂಬಯಿ, ಪುಣೆ, ಹೈದರಾಬಾದುಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರಿಗೆ ಕೋಳಿಯೆಂದರೆ ಅಂಗಡಿಯ ಮೊಟ್ಟೆಯ ಟ್ರೇ ಮಾತ್ರ. ಆದರೂ ಈ ಪ್ರಶ್ನೆ ನಮಗೆ ಹೊರತಾದುದಲ್ಲ. ಕಚೇರಿಗಳ ಮೇಲುಕೀಳನ್ನು ವಿವರಿಸಲು ಇಂದು ಎಲ್ಲರೂ ಬಳಸುವ ‘ಕುಕ್ಕುವ ಸರಣಿ’ ಎಂಬ ಕಲ್ಪನೆ ಹುಟ್ಟಿದ್ದು ಕೋಳಿಯ ಹಟ್ಟಿಯಲ್ಲಿ. ಅದಕ್ಕಿಂತ ಮುಖ್ಯವಾಗಿ, ಕುಕ್ಕುವ ಮರಿಗೆ ಮನುಷ್ಯ ಕಾಲಕಾಲಕ್ಕೆ ಮಾಡಿದ ಮದ್ದುಗಳ ಚರಿತ್ರೆಯನ್ನು ಓದಿದರೆ, ಗುಂಪಿನಲ್ಲಿ ಕೇಡು ಕಾಣಿಸಿಕೊಂಡಾಗ ತಪ್ಪನ್ನು ಯಾರ ತಲೆಗೆ ಕಟ್ಟುವುದು ನಮ್ಮ ಅಭ್ಯಾಸ ಎಂಬುದು ತಿಳಿಯುತ್ತದೆ.

ಈ ಚರಿತ್ರೆಯನ್ನು ರೋಮಿನಿಂದ ಆರಂಭಿಸಬಹುದು. ಕ್ರಿಸ್ತಶಕ ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲ ತನ್ನ ಬೇಸಾಯ ಗ್ರಂಥದ ಎಂಟನೆಯ ಭಾಗದಲ್ಲಿ ಕೋಳಿ ಸಾಕಣೆಯನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಜಗಳಗಂಟಿ ಹುಂಜವನ್ನು ಹದಕ್ಕೆ ತರಲು ಅವನು ಹೇಳುವ ಉಪಾಯ ಸರಳವಾದುದು. ಚರ್ಮದ ಸೀಸೆಯಿಂದ ದುಂಡನೆಯ ತುಂಡೊಂದನ್ನು ಕತ್ತರಿಸಿ, ಅದರ ನಡುವೆ ತೂತು ಮಾಡಿ, ಆ ತೂತಿನೊಳಗೆ ಹುಂಜದ ಕಾಲನ್ನು ತೂರಿಸಬೇಕು. ಅದು ಬೇಡಿಯಂತೆ ಅದರ ಓಡಾಟವನ್ನು ತಡೆಯುತ್ತದೆ. ದೋಷ ಹಕ್ಕಿಯ ಸ್ವಭಾವದಲ್ಲಿದೆ, ಆದ್ದರಿಂದ ಮದ್ದನ್ನೂ ಹಕ್ಕಿಯ ಮೈಮೇಲೆಯೇ ಮಾಡಬೇಕು ಎಂಬ ನಿಲುವು ಇಲ್ಲಿ ಸ್ಪಷ್ಟವಾಗಿದೆ. ಮುಂದಿನ ಹತ್ತೊಂಬತ್ತು ಶತಮಾನಗಳಲ್ಲಿ ಸಾಧನಗಳು ಬದಲಾದವು, ಈ ನಿಲುವು ಬದಲಾಗಲಿಲ್ಲ.

ಕೋಳಿಯ ಕೆಚ್ಚನ್ನು ದೋಷವೆಂದು ಬಗೆಯದ ಪರಂಪರೆಯೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದಕ್ಕೂ ಸ್ಥಾನವಿದೆ. ತುಳುನಾಡಿನ ಕೋಳಿ ಅಂಕವೂ ಇದೇ ಆಸಕ್ತಿಯ ಇನ್ನೊಂದು ರೂಪ. ಅಲ್ಲಿ ಹುಂಜದ ಬಣ್ಣ ನೋಡಿ, ದಿನ ನೋಡಿ, ಯಾವುದು ಯಾವುದನ್ನು ಗೆದ್ದೀತೆಂದು ಲೆಕ್ಕ ಹಾಕುವ ಜನಪದ ಶಾಸ್ತ್ರವೇ ಬೆಳೆದಿದೆ. ಅಂಕಕ್ಕೆ ಬೇಕಾದ ಗುಣವೇ ಹಟ್ಟಿಗೆ ಬೇಡವಾದ ಗುಣ. ಆದರೆ ಹೊಗಳುವವರಿಗೂ ತೆಗಳುವವರಿಗೂ ಒಂದು ನಂಬಿಕೆ ಸಮಾನವಾಗಿತ್ತು: ಕಾದಾಟ ಹಕ್ಕಿಯ ರಕ್ತದಲ್ಲಿಯೇ ಇದೆ.

ಹಾಗಿದ್ದೂ ಹಳ್ಳಿಯ ಮನೆಗಳಲ್ಲಿ ಮರಿಗಳು ಒಂದನ್ನೊಂದು ಕುಕ್ಕಿ ಕೊಲ್ಲುವುದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಹದ್ದು, ಬೆಕ್ಕು, ಮುಂಗುಸಿ, ರೋಗ ಇವುಗಳ ಭಯವೇ ಹೆಚ್ಚು. ಕಾವಿಗೆ ಕೂತ ಹೇಂಟೆ ಹತ್ತು ಹನ್ನೆರಡು ಮರಿಗಳನ್ನು ಮಾಡಿ, ಅವನ್ನು ಹಿತ್ತಲಿಗೆ ಕರೆದೊಯ್ದು, ತಿಪ್ಪೆ ಕೆದರಿ, ಲೊಚಗುಟ್ಟಿ ಕಾಳು ತೋರಿಸುತ್ತಿತ್ತು. ಬಿಸಿಲು ಏರಿದಾಗ, ಮಳೆ ಹನಿದಾಗ, ಮರಿಗಳು ದಣಿದಾಗ ರೆಕ್ಕೆ ಅಗಲಿಸಿ ಕೂತುಬಿಡುತ್ತಿತ್ತು. ಸಂಜೆಗೆ ತಾಯಿಮರಿಗಳನ್ನು ಒಟ್ಟಿಗೆ ಮಂಕರಿಯ ಕೆಳಗೆ ಮುಚ್ಚಿದರೆ ಬೆಳಗಿನ ತನಕ ನಿಶ್ಚಿಂತೆ. ತಾಯಿಕೋಳಿ ತುಳಿದರೆ ಮರಿ ಸಾಯುವುದಿಲ್ಲ ಎಂಬ ಗಾದೆ ಹುಟ್ಟಿದ್ದು ಈ ವ್ಯವಸ್ಥೆಯನ್ನು ದಿನವೂ ನೋಡಿದ ಜನರಿಂದ. ಅಲ್ಲಿ ತಾಯಿ ಏನೇನು ಕೊಡುತ್ತಿದ್ದಾಳೆಂದು ಯಾರೂ ಲೆಕ್ಕವಿಡಬೇಕಾಗಿರಲಿಲ್ಲ. ಆಕೆಯನ್ನು ತೆಗೆದುಬಿಟ್ಟಾಗ ಮಾತ್ರ ಆ ಲೆಕ್ಕ ಬೇಕಾಯಿತು.

ತಾಯಿಯಿಲ್ಲದೆ ಮರಿ ಮಾಡಿಸುವ ವಿದ್ಯೆ ಈಜಿಪ್ಟಿನಲ್ಲಿ ಬಹು ಹಿಂದೆಯೇ ಇತ್ತು. ಅಲ್ಲಿನ ಜನ ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿಟ್ಟು ಮರಿ ಮಾಡಿಸುತ್ತಾರೆಂದು ಅರಿಸ್ಟಾಟಲ್ ಹೇಳಿದ್ದಾನೆ. ಮುಂದೆ ಅಲ್ಲಿನ ಮಣ್ಣಿನ ಇಟ್ಟಿಗೆಯ ಕಾವುಗೂಡುಗಳು ಯುರೋಪಿನ ಪ್ರವಾಸಿಗರನ್ನು ಬೆರಗುಗೊಳಿಸಿದವು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ ಈ ವಿದ್ಯೆಯನ್ನು ತನ್ನ ದೇಶಕ್ಕೆ ತರಲು ಹೊರಟು, ಹುದುಗುವ ಗೊಬ್ಬರದ ಶಾಖದಿಂದ ಮೊಟ್ಟೆಗೆ ಕಾವು ಕೊಡುವ ಪ್ರಯೋಗಗಳನ್ನು ನಡೆಸಿ, 1749ರಲ್ಲಿ ಅದರ ಬಗೆಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ಮೊಟ್ಟೆಯೊಡೆದ ಮೇಲೆ ಮರಿಗಳ ಗತಿಯೇನೆಂಬುದನ್ನೂ ಅವನು ಯೋಚಿಸಿದ್ದ. ಅವನು ಮಾಡಿದ ‘ಕೃತಕ ತಾಯಿ’ ಎಂಬುದು ಬರೆಯುವ ಮೇಜಿನಂತೆ ಇಳಿಜಾರಾದ ಮೇಲ್ಭಾಗವುಳ್ಳ ಒಂದು ಪೆಟ್ಟಿಗೆ. ಅದರ ಒಳಮೈಗೆ ಉಣ್ಣೆಸಮೇತವಾದ ಕುರಿಚರ್ಮದ ಹೊದಿಕೆ. ಮರಿಗಳು ಅದರ ಕೆಳಗೆ ನುಸುಳಿ, ತಮ್ಮ ಬೆನ್ನಿಗೆ ಉಣ್ಣೆ ತಾಗುವ ಎತ್ತರವನ್ನು ತಾವೇ ಆರಿಸಿಕೊಂಡು ಮಲಗುತ್ತಿದ್ದವು. ರೆಯೋಮ್ಯೂರನ ಉದ್ದೇಶ ಬಿಸಿಯನ್ನು ಕೊಡುವುದಾಗಿತ್ತು. ಆದರೆ ಅವನಿಗೆ ಮಾದರಿಯಾಗಿದ್ದವಳು ಹೇಂಟೆ. ಆದ್ದರಿಂದ ಆಕೆಯ ಮೈಗೆ ಹತ್ತಿದ ಇನ್ನೊಂದು ಗುಣವೂ ತಾನಾಗಿಯೇ ಪೆಟ್ಟಿಗೆಯೊಳಗೆ ಬಂತು. ಉಣ್ಣೆಯ ಕೆಳಗೆ ಕತ್ತಲಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಳಿ ಸಾಕಣೆ ಅಮೆರಿಕದಲ್ಲಿ ದೊಡ್ಡ ಉದ್ಯಮವಾಗತೊಡಗಿದಾಗ ಲೆಕ್ಕ ಬದಲಾಯಿತು. ಹುಟ್ಟುವ ಮುನ್ನ ಹೊಟ್ಟೆಯೊಳಗೆ ಸೇರಿಕೊಂಡ ಭಂಡಾರದ ಬಲದಿಂದ ಮರಿ ಎರಡು ಮೂರು ದಿನ ಆಹಾರವಿಲ್ಲದೆ ಬದುಕಬಲ್ಲದು. ಇದನ್ನು ಬಳಸಿಕೊಂಡು ನ್ಯೂಜರ್ಸಿಯ ಜೋಸೆಫ್ ವಿಲ್ಸನ್ 1892ರಲ್ಲಿ ಒಂದು ದಿನದ ಮರಿಗಳನ್ನು ರೈಲಿನಲ್ಲಿ ಶಿಕಾಗೋ ನಗರಕ್ಕೆ ಕಳುಹಿಸಿದ. 1918ರಲ್ಲಿ ಅಮೆರಿಕದ ಅಂಚೆ ಇಲಾಖೆಯೇ ಮರಿಗಳ ಪೆಟ್ಟಿಗೆಗಳನ್ನು ಸ್ವೀಕರಿಸತೊಡಗಿತು. ಇದರೊಂದಿಗೆ ತಾಯಿ ಸಂಪೂರ್ಣವಾಗಿ ಕಥೆಯಿಂದ ಹೊರಗಾದಳು. ನೂರಾರು ಮರಿಗಳು ಒಂದೇ ಕೋಣೆಯಲ್ಲಿ. ನಡುವೆ ಮೊದಲು ಸೀಮೆಎಣ್ಣೆಯ ದೀಪ, ಆಮೇಲೆ ಕಲ್ಲಿದ್ದಲ ಒಲೆ, ಆಮೇಲೆ ವಿದ್ಯುದ್ದೀಪ. ಕೊನೆಗೆ ಬಿಸಿಯೂ ಬೆಳಕೂ ಒಂದೇ ಬುರುಡೆಯಿಂದ ಹೊಮ್ಮತೊಡಗಿದವು. ಬೆಚ್ಚಗಿರಬೇಕಾದ ಮರಿ ಬೆಳಕಿನಲ್ಲೇ ಇರಬೇಕಾಯಿತು. ಮಲಗಿದ ಮರಿಯೂ ಆಡುವ ಮರಿಯೂ ಒಂದೇ ನೆಲದ ಮೇಲೆ, ಒಂದರ ಕಣ್ಣಿಗೆ ಇನ್ನೊಂದು ಸದಾ ಬೀಳುವಂತೆ.

ಕುಕ್ಕಾಟ ದೊಡ್ಡ ಪಿಡುಗಾದದ್ದು ಹೀಗೆ ಹಕ್ಕಿಗಳು ಕಿಕ್ಕಿರಿದ ಕಾಲದಲ್ಲಿ. ಅದಕ್ಕೆ ಕಂಡುಹಿಡಿದ ಮದ್ದುಗಳಾದರೋ ಕೊಲುಮೆಲ್ಲನ ಚರ್ಮದ ಬಳೆಯ ಜಾತಿಯವೇ. ಟೆನೆಸ್ಸಿ ರಾಜ್ಯದ ಆಂಡ್ರ್ಯೂ ಜಾಕ್ಸನ್ ಎಂಬಾತ 1903ರಲ್ಲಿ ಕೋಳಿಯ ಕನ್ನಡಕಕ್ಕೆ ಪೇಟೆಂಟ್ ಪಡೆದ. ಬೇರೆ ಕೋಳಿಗಳ ಕುಕ್ಕಿನಿಂದ ಕಣ್ಣನ್ನು ಉಳಿಸುವುದು ಅದರ ಉದ್ದೇಶ. 1930ರ ದಶಕದ ಕೊನೆಗೆ ಕೆಂಪು ಬಣ್ಣದ ಕನ್ನಡಕಗಳು ಮಾರುಕಟ್ಟೆಗೆ ಬಂದವು. ಲೋಕವೆಲ್ಲ ಕೆಂಪಾಗಿ ಕಂಡರೆ ರಕ್ತ ಎದ್ದು ಕಾಣುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಕೇಳಿದರೆ ನಗು ಬರುತ್ತದೆ. ಆದರೆ ತರ್ಕ ಪೂರ್ತಿ ಸುಳ್ಳಲ್ಲ. ಇಂದಿಗೂ ಬ್ರೂಡರುಗಳಲ್ಲಿ ಕೆಂಪು ಬುರುಡೆ ಹಾಕುವುದು ಇದೇ ಕಾರಣಕ್ಕೆ.

ಕನ್ನಡಕಕ್ಕಿಂತ ಅಗ್ಗವಾದ ದಾರಿಯನ್ನು ಉದ್ಯಮ ಬೇಗನೆ ಕಂಡುಕೊಂಡಿತು. ಕೊಕ್ಕಿನ ತುದಿಯನ್ನು ಕತ್ತರಿಸುವ ಪದ್ಧತಿ 1930ರ ದಶಕದಲ್ಲಿ ಒಹಾಯೊ ರಾಜ್ಯದ ಕೃಷಿ ಪ್ರಯೋಗ ಕೇಂದ್ರದಲ್ಲಿ ರೂಪುಗೊಂಡಿತು. ಮೊದಮೊದಲು ಮತ್ತೆ ಬೆಳೆಯುವಷ್ಟು ತುದಿಯನ್ನು ಮಾತ್ರ ತೆಗೆಯುತ್ತಿದ್ದರು. ಮುಂದೆ ಕಾಯಿಸಿದ ಅಲಗಿನ ಯಂತ್ರಗಳು ಬಂದು, ಕತ್ತರಿಸುವುದೂ ಸುಡುವುದೂ ಒಂದೇ ಏಟಿಗೆ ಆಗಿ, ಕೊಕ್ಕು ಮರಳಿ ಬೆಳೆಯದಂತಾಯಿತು. ನಮ್ಮ ದೇಶದ ಮೊಟ್ಟೆಕೋಳಿ ಫಾರಂಗಳಲ್ಲಿಯೂ ಇದು ರೂಢಿಯಾಯಿತು. ಉಗುರು ಕತ್ತರಿಸಿದಂತೆ, ನೋವಿಲ್ಲ ಎಂಬ ಸಮಾಧಾನವನ್ನು ಬಹುಕಾಲ ಹೇಳಿಕೊಳ್ಳಲಾಯಿತು. 1980ರ ದಶಕದಲ್ಲಿ ಎಡಿನ್‌ಬರೋದ ಮೈಕೆಲ್ ಜೆಂಟಲ್ ಮತ್ತು ಸಂಗಡಿಗರು ಕತ್ತರಿಸಿದ ಕೊಕ್ಕಿನ ಮೋಟಿನಲ್ಲಿ ತುಂಡಾದ ನರಗಳು ಗಂಟುಕಟ್ಟಿ, ಅಸಹಜ ಸಂಕೇತಗಳನ್ನು ಹೊಮ್ಮಿಸುತ್ತಿರುವುದನ್ನು ತೋರಿಸಿದರು. ಕೊಕ್ಕು ಕೋಳಿಗೆ ಬಾಯಿ ಮಾತ್ರವೇ ಅಲ್ಲ, ಕೈಯೂ ಬೆರಳೂ ಹೌದು. ಅದು ಲೋಕವನ್ನು ಮುಟ್ಟಿ ನೋಡುವುದು ಕೊಕ್ಕಿನಿಂದಲೇ.

ಕಬ್ಬಿಣ ಕಾಯಿಸುವ ಈ ಕಾಲದಲ್ಲಿಯೇ ಕುಕ್ಕನ್ನು ಓದಿ ಅರ್ಥಮಾಡಿಕೊಳ್ಳುವ ಪ್ರಯತ್ನವೂ ನಡೆದಿತ್ತು. ಅದನ್ನು ಆರಂಭಿಸಿದವನು ಒಬ್ಬ ಬಾಲಕ. 1894ರಲ್ಲಿ ನಾರ್ವೆಯಲ್ಲಿ ಶಿಲ್ಪಿ ದಂಪತಿಗಳ ಮಗನಾಗಿ ಹುಟ್ಟಿದ ಥೊರ್ಲೈಫ್ ಷೆಲ್ಡೆರುಪ್-ಎಬ್ಬೆ ಹತ್ತು ವರ್ಷದವನಿರುವಾಗಲೇ ಕೋಳಿಗಳಲ್ಲಿ ಯಾವುದು ಯಾವುದನ್ನು ಕುಕ್ಕುತ್ತದೆಂದು ಬರೆದಿಡತೊಡಗಿದ್ದ. ಪ್ರತಿಯೊಂದು ಜೋಡಿಯಲ್ಲಿಯೂ ಕುಕ್ಕುವುದು ಒಂದು, ಸಹಿಸಿಕೊಂಡು ಸರಿಯುವುದು ಇನ್ನೊಂದು ಎಂದು ನಿರ್ಧಾರವಾಗಿರುತ್ತದೆ. ಆ ನಿರ್ಧಾರ ಸುಲಭವಾಗಿ ಬದಲಾಗುವುದಿಲ್ಲ. ಕೆಲವೊಮ್ಮೆ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಮೊದಲನೆಯದನ್ನೇ ಕುಕ್ಕುವ ತ್ರಿಕೋನವೂ ಉಂಟು. 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವನ ಪ್ರಬಂಧದಿಂದ ‘ಕುಕ್ಕುವ ಸರಣಿ’ಯ ಕಲ್ಪನೆ ಲೋಕಕ್ಕೆ ದೊರೆಯಿತು.

ಅವನ ಬದುಕಿನಲ್ಲಿ ಒಂದು ವಿಪರ್ಯಾಸವಿದೆ. ನಾರ್ವೆಯ ಮೊದಲ ಮಹಿಳಾ ಪ್ರಾಧ್ಯಾಪಕಿಯೂ ಅವನಿಗೆ ಆಸರೆಯೂ ಆಗಿದ್ದ ಕ್ರಿಸ್ಟಿನೆ ಬೊನೆವಿಯವರೊಂದಿಗೆ ಅವನ ಸಂಬಂಧ ಕೆಟ್ಟಿತು. ಆ ಬಳಿಕ ಸ್ವದೇಶದ ವಿದ್ವತ್ ವಲಯದಲ್ಲಿ ಅವನಿಗೆ ತಕ್ಕ ಸ್ಥಾನ ದೊರೆಯಲೇ ಇಲ್ಲ. ಸರಣಿಯನ್ನು ಕಂಡುಹಿಡಿದವನೇ ಸರಣಿಯ ಕೆಳತುದಿಗೆ ತಳ್ಳಲ್ಪಟ್ಟ. ದಬ್ಬಾಳಿಕೆ ಲೋಕದ ಮೂಲತತ್ತ್ವಗಳಲ್ಲೊಂದು ಎಂದು ಅವನು 1935ರ ಬರಹವೊಂದರಲ್ಲಿ ವಾದಿಸಿದ. ಕೋಳಿಯಿಂದ ಕಲಿತದ್ದೆಷ್ಟು, ಮನುಷ್ಯರಿಂದ ಕಲಿತದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಅದೇ ಕೋಳಿಗಳನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದರು. ಶಿಕಾಗೋ ವಿಶ್ವವಿದ್ಯಾಲಯದ ಡಬ್ಲ್ಯು. ಸಿ. ಆಲೀ ಕ್ವೇಕರ್ ಪಂಥದವರು, ಶಾಂತಿವಾದಿ. ಪ್ರಾಣಿಗಳ ಸಹಕಾರ ಅವರ ಅಧ್ಯಯನದ ವಿಷಯ. ಅವರೂ ಅವರ ಶಿಷ್ಯ ಎ. ಎಂ. ಗೂಲ್ ಅವರೂ 1944ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮ್ಮ ವಿಷಯಕ್ಕೆ ಬಹು ಮುಖ್ಯ. ಕೆಲವು ಗುಂಪುಗಳಲ್ಲಿ ಅವೇ ಹೇಂಟೆಗಳನ್ನು ಕದಲಿಸದೆ ಇಟ್ಟರು. ಇನ್ನು ಕೆಲವದರಲ್ಲಿ ಒಂದನ್ನು ತೆಗೆದು ಹೊಸದೊಂದನ್ನು ಸೇರಿಸುವುದನ್ನು ಬಿಡದೆ ನಡೆಸಿದರು. ಕದಲದ ಗುಂಪಿನ ಹಕ್ಕಿಗಳು ಕಡಿಮೆ ಕುಕ್ಕಿದವು, ಹೆಚ್ಚು ತಿಂದವು, ಹೆಚ್ಚು ಮೊಟ್ಟೆಯಿಟ್ಟವು. ಸರಣಿಯೆಂಬುದು ದಬ್ಬಾಳಿಕೆಯ ಏಣಿಯಷ್ಟೇ ಆಗಿರದೆ ಜಗಳವನ್ನು ಮುಗಿಸುವ ಒಪ್ಪಂದವೂ ಆಗಿದೆ. ಪರಿಚಯ ಬೆಳೆದಲ್ಲಿ ಕುಕ್ಕು ಬೆದರಿಕೆಗೆ ಇಳಿಯುತ್ತದೆ. ಗುಂಪನ್ನು ಪದೇ ಪದೇ ಕಲಕುವವನು ಆ ಒಪ್ಪಂದವನ್ನು ಪದೇ ಪದೇ ಮುರಿಯುತ್ತಾನೆ.

ಇಷ್ಟಾದರೂ ಬ್ರೂಡರಿನ ಮರಿಯ ಗುಟ್ಟು ಪೂರ್ತಿ ಬಿಡಿಸಿದಂತಾಗಲಿಲ್ಲ. ಕೆಲವೇ ದಿನಗಳ ಮರಿಗಳಲ್ಲಿ ಸರಣಿಯೆಂಬುದು ಇನ್ನೂ ಹುಟ್ಟಿರುವುದಿಲ್ಲ. ಅದು ನೆಲೆಗೊಳ್ಳುವುದು ವಾರಗಳು ಕಳೆದ ಮೇಲೆ. ಹಾಗಾದರೆ ಐದು ದಿನದ ಮರಿ ಪಕ್ಕದ ಮರಿಯ ಬೆರಳನ್ನು ಕುಕ್ಕುವುದೇಕೆ? ಡಚ್ ಸಂಶೋಧಕ ಬ್ಲೊಖೌಸ್ 1986ರಲ್ಲಿ ಮಂಡಿಸಿದ ವಿವರಣೆ ನಮಗೆ ಸರಿಯೆನಿಸುತ್ತದೆ. ಪುಕ್ಕ ಕುಕ್ಕುವುದು ಸಿಟ್ಟಿನ ಕೆಲಸವಲ್ಲ, ದಾರಿತಪ್ಪಿದ ಮೇವಿನ ಹುಡುಕಾಟ. ಕೋಳಿಯ ಜಾತಿ ದಿನದ ಬಹುಭಾಗವನ್ನು ನೆಲ ಕೆದರಿ ಕುಕ್ಕುವುದರಲ್ಲಿ ಕಳೆಯುವ ಜಾತಿ. ನೆಲದಲ್ಲಿ ಕುಕ್ಕಲು ಏನೂ ಇಲ್ಲದಿದ್ದರೆ ಕೊಕ್ಕು ಸುಮ್ಮನಿರದು. ಹತ್ತಿರದಲ್ಲಿ ಹೊಳೆಯುವುದು, ಅಲುಗುವುದು, ಕೆಂಪಾದುದು ಯಾವುದಿದೆಯೋ ಅದರ ಮೇಲೆ ಹೋಗುತ್ತದೆ. ನೆರೆಯ ಮರಿಯ ಬೆರಳು, ಕಣ್ಣು, ಆಗಷ್ಟೇ ಮೂಡುತ್ತಿರುವ ಪುಕ್ಕ, ಎಲ್ಲವೂ ಅಂಥವೇ. ನಾವು ಪುಂಡನೆಂದು ಕರೆದ ಮರಿ ಎಷ್ಟೋ ಸಲ ಎಲ್ಲಕ್ಕಿಂತ ಚುರುಕಾದ, ಎಲ್ಲಕ್ಕಿಂತ ಕುತೂಹಲದ ಮರಿಯಾಗಿರಬಹುದು.

ಇಲ್ಲಿ ತಾಯಿಯ ಲೆಕ್ಕ ಮತ್ತೆ ಬರುತ್ತದೆ. ಮರಿಗಳು ತಿನ್ನಬಾರದುದನ್ನು ತಿನ್ನುತ್ತಿವೆ ಎನಿಸಿದಾಗ ತಾಯಿಕೋಳಿ ತನ್ನ ಕರೆಯನ್ನೂ ಕೆದರುವಿಕೆಯನ್ನೂ ಹೆಚ್ಚಿಸುತ್ತದೆಂದು 1996ರಲ್ಲಿ ಇಂಗ್ಲೆಂಡಿನ ಕ್ರಿಸ್ಟೀನ್ ನಿಕೋಲ್ ಮತ್ತು ಸ್ಟುವರ್ಟ್ ಪೋಪ್ ತೋರಿಸಿದರು. ಎಲ್ಲಿ ಕುಕ್ಕಬೇಕೆಂಬುದೂ ಕಲಿಸಬೇಕಾದ ವಿದ್ಯೆಯೇ. ಇನ್ನೊಂದು ಸಂಗತಿ ಅದಕ್ಕಿಂತ ಸರಳ, ಅದಕ್ಕಿಂತ ಸುಲಭವಾಗಿ ಮರೆತುಹೋದದ್ದು. ತಾಯಿಯ ರೆಕ್ಕೆಯಡಿ ಬೆಳಕಿಲ್ಲ. ದಣಿದ ಮರಿ ಅಲ್ಲಿ ಮಲಗಿದರೆ ಎಚ್ಚರವಾಗಿರುವ ಮರಿಯ ಕಣ್ಣಿಗೆ ಬೀಳುವುದಿಲ್ಲ. 2006ರಲ್ಲಿ ಡೆನ್ಮಾರ್ಕಿನ ಸಂಶೋಧಕರೂ 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರೂ ಪ್ರಕಟಿಸಿದ ಅಧ್ಯಯನಗಳಲ್ಲಿ ‘ಕತ್ತಲ ಬ್ರೂಡರ್’ ಎಂಬುದನ್ನು ಪರೀಕ್ಷಿಸಲಾಯಿತು. ಬೆಳಕು ಬೀರದ ಕಾಯುವ ಫಲಕ, ಅದರ ಸುತ್ತ ಇಳಿಬಿಟ್ಟ ಪರದೆ. ಮರಿಗಳು ಒಳಗೆ ನುಸುಳಿ ಕತ್ತಲಲ್ಲಿ ಮಲಗುತ್ತವೆ, ಹೊರಬಂದು ಬೆಳಕಿನಲ್ಲಿ ಆಡುತ್ತವೆ. ಇಂಥದರಲ್ಲಿ ಬೆಳೆದ ಹಕ್ಕಿಗಳಲ್ಲಿ ಪುಕ್ಕ ಕುಕ್ಕುವ ಚಾಳಿ ಗಮನಾರ್ಹವಾಗಿ ಕಡಿಮೆಯಿತ್ತು, ದೊಡ್ಡವಾದ ಮೇಲೆಯೂ. 1749ರ ಕುರಿಚರ್ಮದ ಪೆಟ್ಟಿಗೆ ಎರಡೂವರೆ ಶತಮಾನಗಳ ತರುವಾಯ ಬೇರೆ ಉಡುಪು ತೊಟ್ಟು ಹಿಂತಿರುಗಿತ್ತು.

ಇಷ್ಟೆಂದು ಸ್ವಭಾವಕ್ಕೆ ಪಾತ್ರವೇ ಇಲ್ಲವೆಂದು ಹೇಳಲಾಗದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಈ ಮಾತಿಗೆ ಸಾಕ್ಷಿ. ಕೊಕ್ಕು ಕತ್ತರಿಸದ ಹೇಂಟೆಗಳನ್ನು ಕುಟುಂಬವಾರಾಗಿ ಪಂಜರಗಳಲ್ಲಿಟ್ಟು, ಒಂಟಿ ಹಕ್ಕಿಯ ಸಾಧನೆಗೆ ಬದಲಾಗಿ ಇಡೀ ಪಂಜರದ ಸಾಧನೆಯನ್ನು ನೋಡಿ ಅವರು ಮುಂದಿನ ಪೀಳಿಗೆಯ ತಾಯ್ತಂದೆಗಳನ್ನು ಆರಿಸಿದರು. ಎರಡನೆಯ ಪೀಳಿಗೆಯಲ್ಲಿ ವರ್ಷಕ್ಕೆ ಶೇಕಡಾ 68ರಷ್ಟಿದ್ದ ಸಾವು ನಾಲ್ಕನೆಯ ಪೀಳಿಗೆಗೆ ಶೇಕಡಾ 8.8ಕ್ಕೆ ಇಳಿಯಿತು. ಕಾದಾಟ ರಕ್ತದಲ್ಲಿದೆ ಎಂದವರ ಮಾತು ಅರ್ಧ ನಿಜ. ಆದರೆ ಆ ರಕ್ತವನ್ನು ಆರಿಸಿಕೊಂಡು ಬಂದವರು ನಾವು. ಜತೆಯವರ ನಡುವೆ ಬಾಳಬಲ್ಲ ಹಕ್ಕಿ ಬೇಕೆಂದು ಕೇಳಿದಾಗ ಅದೂ ದೊರೆಯಿತು.

ಕಾನೂನುಗಳೂ ನಿಧಾನವಾಗಿ ಇತ್ತ ತಿರುಗಿವೆ. ಷೆಲ್ಡೆರುಪ್-ಎಬ್ಬೆ ತೀರಿಕೊಂಡದ್ದು 1976ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಅವನ ನಾರ್ವೆ ಕೊಕ್ಕು ಕತ್ತರಿಸುವುದನ್ನು ಕಾಯಿದೆಯಿಂದ ನಿಷೇಧಿಸಿತ್ತು. ಯುರೋಪಿನ ಒಕ್ಕೂಟದ 1999ರ ನಿರ್ದೇಶನ ಹತ್ತು ದಿನದೊಳಗಿನ ಮರಿಗಳಿಗೆ ಮಾತ್ರ ಅದಕ್ಕೆ ಎಡೆಗೊಟ್ಟಿತು. ಕೊಕ್ಕನ್ನು ಉಳಿಸಿದ ಮೇಲೆ ಕೋಣೆಯನ್ನು ಸರಿಪಡಿಸದೆ ಗತಿಯಿಲ್ಲ. ನಿಷೇಧದ ನಿಜವಾದ ಪ್ರಯೋಜನ ಅದೇ.

ಆರಂಭದ ಪ್ರಶ್ನೆಗೆ ಮರಳೋಣ. ಪುಂಡ ಮರಿಯನ್ನು ಏನು ಮಾಡಬೇಕು? ಗಾಯಗೊಂಡ ಮರಿಯನ್ನು ಮೊದಲು ಬೇರ್ಪಡಿಸಬೇಕು. ರಕ್ತ ಎಲ್ಲರನ್ನೂ ಕರೆಯುತ್ತದೆ. ಅದು ವಾಸಿಯಾಗುವ ತನಕ ಬಲೆಯ ಆಚೆಗೆ, ಜತೆಯವರಿಗೆ ಕಾಣುವಂತೆಯೇ ಇರಲಿ. ಕುಕ್ಕುವ ಮರಿ ನಿಲ್ಲಿಸದಿದ್ದರೆ ಅದನ್ನೂ ಒಂದೆರಡು ದಿನ ಹಾಗೆಯೇ ಬಲೆಯಾಚೆ ಇಡಬಹುದು. ಅಷ್ಟರಲ್ಲಿ ನಾವು ಪೆಟ್ಟಿಗೆಯನ್ನು ನೋಡಬೇಕು. ಮೊದಲ ವಾರಕ್ಕೆ ಸುಮಾರು 35 ಡಿಗ್ರಿಯಷ್ಟು ಬಿಸಿ ಸಾಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ಬಾಯಿ ತೆರೆದು ಅಂಚಿಗೆ ಸರಿದಿದ್ದರೆ ಸೆಕೆ ಹೆಚ್ಚಾಗಿದೆ, ದೀಪದಡಿ ರಾಶಿ ಬಿದ್ದಿದ್ದರೆ ಚಳಿ. ಕಾಳಿನ ತಟ್ಟೆಯೂ ನೀರೂ ಎಲ್ಲಕ್ಕೂ ಏಕಕಾಲಕ್ಕೆ ಎಟುಕುವಂತಿರಬೇಕು. ನೆಲದ ಮೇಲೆ ಭತ್ತದ ಹೊಟ್ಟು, ಅದರೊಳಗೆ ಅಲ್ಲಲ್ಲಿ ನುಚ್ಚು, ತೂಗುಹಾಕಿದ ಸೊಪ್ಪಿನ ಕಟ್ಟು ಇದ್ದರೆ ಕೊಕ್ಕಿಗೆ ಕೆಲಸ ಸಿಗುತ್ತದೆ. ಮರಿಗಳು ದಿನೇ ದಿನೇ ಬೆಳೆಯುತ್ತವೆ, ಪೆಟ್ಟಿಗೆ ಬೆಳೆಯುವುದಿಲ್ಲ. ಜಾಗವನ್ನು ಹಿಗ್ಗಿಸುತ್ತ ಹೋಗಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕುಕ್ಕುವ ಮರಿ ಇರಬಹುದು, ಅಪರೂಪಕ್ಕೆ. ಆಗ ಅದನ್ನು ಬೇರೆ ಇಡುವುದಕ್ಕೆ ಕಾರಣ ಇರುತ್ತದೆ.

ಚರ್ಮದ ಬಳೆ, ಕೆಂಪು ಕನ್ನಡಕ, ಕಾದ ಅಲಗು ಇವೆಲ್ಲ ಒಂದೇ ಪ್ರಶ್ನೆಯಿಂದ ಹುಟ್ಟಿದವು: ಈ ಹಕ್ಕಿಗೆ ಏನಾಗಿದೆ? ಈ ಹಕ್ಕಿಗೆ ನಾವು ಏನನ್ನು ಕೊಟ್ಟಿಲ್ಲ ಎಂದು ಕೇಳುವುದಕ್ಕೆ ಎರಡು ಸಾವಿರ ವರ್ಷ ಬೇಕಾಯಿತು. ಉತ್ತರ ದುಬಾರಿಯದೇನೂ ಅಲ್ಲ. ಬೆಳಕು ಬೀರದೆ ಬೆಚ್ಚಗಾಗುವ ಒಂದು ಫಲಕ, ಅದರ ಅಂಚಿಗೆ ಇಳಿಬಿಟ್ಟ ಬಟ್ಟೆಯ ಪಟ್ಟಿಗಳು, ಅದರೊಳಗೆ ಮಲಗಬಯಸುವ ಮರಿ ಯಾರ ಕಣ್ಣಿಗೂ ಬೀಳದೆ ಮಲಗುವಷ್ಟು ಕತ್ತಲು. ಹಿತ್ತಲಿನ ಹೇಂಟೆ ಅದನ್ನು ರೆಕ್ಕೆ ಅಗಲಿಸಿದಾಗಲೆಲ್ಲ ಕೊಡುತ್ತಿತ್ತು.